ಹಳೆ ವಿಂಡೋಸ್ ಲೈಸೆನ್ಸ್, ಹೊಸ ಕಂಪ್ಯೂಟರ್: ರೀಟೇಲ್ ಕೀ ಬಗ್ಗೆ ಒಂದು ವಿಮರ್ಶೆ

ವಿಂಡೋಸ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅದರ ಲೈಸೆನ್ಸ್ ಬಗ್ಗೆ ಬರೆಯುವವರು ಕಮ್ಮಿ. ನಾವು ದುಡ್ಡು ಕೊಡುವುದು ಲೈಸೆನ್ಸಿಗೇ ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವರ್ಷಗಳ ಹಿಂದೆ ನಾನು ಡಬ್ಬಿಯಲ್ಲಿ ಬರುವ ವಿಂಡೋಸ್ 10 ಪ್ರೊ ತಗೊಂಡಿದ್ದೆ. ಒಳಗೆ ಒಂದು ಪೆನ್‌ಡ್ರೈವ್, ಒಂದು ಚಿಕ್ಕ ಕಾರ್ಡ್, ಕಾರ್ಡಿನ ಮೇಲೆ 25 ಅಕ್ಷರದ ಕೀ. ಈಗ ಅದೇ ಕೀ ಹಾಕಿ ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ವಿಂಡೋಸ್ 11 ಪ್ರೊ ಓಡಿಸುತ್ತಿದ್ದೇನೆ. ಮತ್ತೆ ದುಡ್ಡು ಕೊಡಬೇಕಾಗಲಿಲ್ಲ.

ರೀಟೇಲ್ ಲೈಸೆನ್ಸ್, ಅಂದರೆ ಹೀಗೆ ಬಿಡಿಯಾಗಿ ಕೊಂಡದ್ದು, ಕೊಟ್ಟ ಮಾತು ಉಳಿಸಿಕೊಂಡಿದೆ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಮ್ಮೆ ಕೊಳ್ಳುವುದಾದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಅದನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆಯಲ್ಲಿ ಒಂದು ಮುಖ್ಯವಾದ ಹೆಜ್ಜೆಯನ್ನೇ ಬಿಟ್ಟಿದ್ದಾರೆ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ನನ್ನ ಕೆಲಸ ಆಡಿಯೊ ಎಡಿಟಿಂಗ್. ಹಳೆ ಕಂಪ್ಯೂಟರ್ ಇನ್ನೂ ಗಟ್ಟಿಯಾಗೇ ಇತ್ತು. ಆದರೆ ಅದರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇರಲಿಲ್ಲ. ಇಂಟೆಲ್ ಆದರೆ 8ನೇ ಪೀಳಿಗೆ, ಎಎಂಡಿ ಆದರೆ ರೈಜನ್ 2000 ಸಾಲು, ಸುಮಾರಾಗಿ ಅಲ್ಲಿಂದ ಮೇಲಿನದ್ದು ಬೇಕು. ಜೊತೆಗೆ ಟಿಪಿಎಂ 2.0, ಅಂದರೆ ಗುಟ್ಟಿನ ಕೀಗಳನ್ನು ಜೋಪಾನವಾಗಿ ಇಡುವ ಭದ್ರತಾ ವ್ಯವಸ್ಥೆ, ಇರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹೊಸ ಮದರ್‌ಬೋರ್ಡ್, ಹೊಸ ಪ್ರೊಸೆಸರ್, ಹೊಸ ರ‍್ಯಾಮ್, ಹೊಸ ಎಸ್‌ಎಸ್‌ಡಿ ಎಲ್ಲ ತಗೊಂಡೆ. ರೆಕಾರ್ಡಿಂಗ್ ತುಂಬಿದ ಹಾರ್ಡ್ ಡಿಸ್ಕ್ ಮಾತ್ರ ಹಳೆಯದರಿಂದ ಬಂತು. ಬಿಡಿಭಾಗಗಳ ಪಟ್ಟಿ ಮಾಡುವಾಗ ಎಲ್ಲರೂ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಪವರ್ ಸಪ್ಲೈ ಎಷ್ಟು ವ್ಯಾಟ್ ಬೇಕು ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ಕೊನೆಗೆ ಕೇಳುತ್ತಾರೆ. ಅದನ್ನು ಮೊದಲೇ ಕೇಳಬೇಕು.

ಯಾಕೆಂದರೆ ಎಲ್ಲ ವಿಂಡೋಸ್ ಲೈಸೆನ್ಸೂ ಒಂದೇ ಅಲ್ಲ. ರೀಟೇಲ್ ಅಂದರೆ ಡಬ್ಬಿಯಲ್ಲೋ ಮೈಕ್ರೋಸಾಫ್ಟ್ ಸ್ಟೋರಿನಲ್ಲೋ ನಾವೇ ಬಿಡಿಯಾಗಿ ಕೊಂಡದ್ದು. ಅದು ಕೊಂಡವರದ್ದು, ಅವರ ಜೊತೆ ಹೊಸ ಕಂಪ್ಯೂಟರಿಗೂ ಬರುತ್ತದೆ. ಓಇಎಂ ಅಂದರೆ ಕಂಪ್ಯೂಟರಿನ ಜೊತೆ ಬಂದದ್ದು. ಅದು ಮೊದಲು ಯಾವ ಕಂಪ್ಯೂಟರಿಗೆ ಹಾಕಿದರೋ ಅದಕ್ಕೇ ಅಂಟಿಕೊಂಡಿರುತ್ತದೆ. ಆ ಕಂಪ್ಯೂಟರನ್ನು ಮಾರಿದರೆ ಲೈಸೆನ್ಸೂ ಅದರ ಜೊತೆಗೇ ಹೋಗಬೇಕು. ಮೂರನೆಯದು ವಾಲ್ಯೂಮ್, ಕಂಪನಿಗಳು ಕಾಲೇಜುಗಳು ಸಗಟಾಗಿ ಕೊಳ್ಳುವುದು. ಅದು ಸಂಸ್ಥೆಯದ್ದು, ನಮ್ಮ ಮನೆಗೆ ತರುವ ಹಾಗಿಲ್ಲ.

ಇಲ್ಲಿ ಒಂದು ಗೊಂದಲ ಇದೆ. ಓಇಎಂ ಲೈಸೆನ್ಸಿನಲ್ಲಿ 'ಸಿಸ್ಟಮ್ ಬಿಲ್ಡರ್' ಅಂತ ಒಂದು ಬಗೆ ಇದೆ. ಕಂಪ್ಯೂಟರ್ ಜೋಡಿಸುವವರಿಗಾಗಿಯೇ ಮಾರುವುದು. ಇದೂ ಪ್ಯಾಕೆಟಿನಲ್ಲಿ ಬರುತ್ತದೆ, ಇದರಲ್ಲೂ ಕೀ ಇರುತ್ತದೆ, ಬೆಲೆಯೂ ರೀಟೇಲಿಗಿಂತ ಕಮ್ಮಿ. ಮನೆಯಲ್ಲಿ ಕಂಪ್ಯೂಟರ್ ಜೋಡಿಸುವ ಎಷ್ಟೋ ಜನ ಇದನ್ನೇ ತಗೊಂಡು, ಬಿಡಿಯಾಗಿ ಕೊಂಡದ್ದಲ್ವಾ ಇದು ರೀಟೇಲೇ ಅಂದುಕೊಂಡಿರುತ್ತಾರೆ. ಮುಂದೆ ಮದರ್‌ಬೋರ್ಡ್ ಬದಲಿಸುವ ದಿನ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಮದರ್‌ಬೋರ್ಡೇ ಕಂಪ್ಯೂಟರ್. ರ‍್ಯಾಮ್ ಬದಲಿಸಿ, ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಸಾಮಾನ್ಯವಾಗಿ ಏನೂ ಕೇಳುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ಅದು ಬೇರೆ ಕಂಪ್ಯೂಟರ್. ಬೋರ್ಡ್ ಕೆಟ್ಟು ಅದರ ಬದಲಿಗೆ ಇನ್ನೊಂದು ಹಾಕಿದರೆ ಮಾತ್ರ ಓಇಎಂಗೆ ವಿನಾಯಿತಿ ಇದೆ.

ನಿಮ್ಮದು ಯಾವುದು ಎಂದು ತಿಳಿಯುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಡಿಎಲ್‌ಐ ಎಂದು ಹೊಡೆದರೆ ಆಯಿತು. ಕೆಲವು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ಡಿಸ್ಕ್ರಿಪ್ಷನ್ ಅನ್ನುವ ಸಾಲಿನ ಕೊನೆಯಲ್ಲಿ ರೀಟೇಲ್ ಚಾನೆಲ್, ಓಇಎಂ ಡಿಎಂ ಚಾನೆಲ್, ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಚಾನೆಲ್, ಹೀಗೆ ಯಾವುದಾದರೂ ಒಂದು ಇರುತ್ತದೆ. ಕೆಳಗೆ ಕೀಯ ಕೊನೆಯ 5 ಅಕ್ಷರ ತೋರಿಸುತ್ತದೆ.

ಆ 5 ಅಕ್ಷರವನ್ನು ಎಲ್ಲರೂ ನೋಡಲೇಬೇಕು. ಪ್ರೊ ಆವೃತ್ತಿಯಲ್ಲಿ 3ವಿ66ಟಿ ಎಂದು ಇದ್ದರೆ, ಹೋಮ್‌ನಲ್ಲಿ 8ಎಚ್‌ವಿಎಕ್ಸ್7 ಎಂದು ಇದ್ದರೆ, ಅದು ನಿಮ್ಮ ಸ್ವಂತ ಕೀ ಅಲ್ಲ. ಡಿಜಿಟಲ್ ಲೈಸೆನ್ಸ್ (ಕೀ ಬದಲು ಮೈಕ್ರೋಸಾಫ್ಟ್ ಸರ್ವರಿನಲ್ಲಿ ದಾಖಲಾದ ಲೈಸೆನ್ಸ್) ಇರುವ ಲಕ್ಷಾಂತರ ಕಂಪ್ಯೂಟರುಗಳಲ್ಲಿ ಅದೇ ಕೀ ಕೂತಿರುತ್ತದೆ. ಅದರಿಂದ ಹೊಸ ಕಂಪ್ಯೂಟರ್ ಆ್ಯಕ್ಟಿವೇಟ್ ಆಗುವುದಿಲ್ಲ, ಅಂದರೆ ಲೈಸೆನ್ಸ್ ಸರಿ ಇದೆ ಎಂದು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ 'ಕೀ ಹುಡುಕಿ ಕೊಡುವ' ಸಾಫ್ಟ್‌ವೇರುಗಳು ಅದನ್ನೇ ಪೂರ್ತಿ ಬರೆದು ತೋರಿಸುತ್ತವೆ. ಜನ ಅದನ್ನು ಜೋಪಾನವಾಗಿ ಬರೆದಿಟ್ಟುಕೊಂಡು ಹಳೆ ಕಂಪ್ಯೂಟರ್ ಅಳಿಸಿಬಿಡುತ್ತಾರೆ. ಇನ್ನೊಂದು ವಿಷಯ. ಈ ಸಾಮಾನ್ಯ ಕೀ ರೀಟೇಲ್ ಚಾನೆಲ್ ಎಂದೇ ತೋರಿಸುತ್ತದೆ. ಓಇಎಂ ವಿಂಡೋಸ್ 7 ಇದ್ದ ಕಂಪ್ಯೂಟರನ್ನು ವಿಂಡೋಸ್ 10ಕ್ಕೆ ಉಚಿತವಾಗಿ ಏರಿಸಿಕೊಂಡವರಿಗೂ ಅಲ್ಲಿ ರೀಟೇಲ್ ಎಂದು ಕಾಣಬಹುದು. ಹಾಗೆಂದು ಲೈಸೆನ್ಸ್ ರೀಟೇಲ್ ಆಗಿಬಿಡುವುದಿಲ್ಲ. ಆ ಪದದ ಜೊತೆ ಕೊನೆಯ 5 ಅಕ್ಷರವೂ ನಿಮ್ಮ ಕಾರ್ಡಿಗೋ, ಕೊಂಡಾಗ ಬಂದ ಇಮೇಲಿಗೋ ಹೊಂದಬೇಕು. ನನ್ನದು ಕಾರ್ಡಿಗೆ ಹೊಂದಿತು. ಸಮಾಧಾನವಾಯಿತು.

ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಜೊತೆ ಬರುವ ಲ್ಯಾಪ್‌ಟಾಪ್‌ಗಳ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನೊಳಗೇ (ಬೋರ್ಡಿನಲ್ಲೇ ಕೂತಿರುವ ಮೂಲ ಸಾಫ್ಟ್‌ವೇರ್) ಇಡುತ್ತಾರೆ. ಮತ್ತೆ ವಿಂಡೋಸ್ ಹಾಕುವಾಗ ಅದು ತಾನಾಗಿ ಓದಿಕೊಳ್ಳುತ್ತದೆ. ಆ ಕೀಯನ್ನು ಹೊರಗೆ ತೆಗೆದು ನೋಡಬಹುದು ನಿಜ. ಆದರೆ ಅದು ಓಇಎಂ. ಹೊಸ ಕಂಪ್ಯೂಟರಿಗೆ ಅದನ್ನು ಬಳಸುವ ಹಕ್ಕು ಇಲ್ಲ.

ಈಗ ಸಾಗಿಸುವ ಕೆಲಸಕ್ಕೆ ಬರುತ್ತೇನೆ. ಒಪ್ಪಂದದಲ್ಲಿ ಇರುವುದು ಇಷ್ಟು: ರೀಟೇಲ್ ವಿಂಡೋಸನ್ನು ನಿಮ್ಮದೇ ಇನ್ನೊಂದು ಕಂಪ್ಯೂಟರಿಗೆ ಒಯ್ಯಬಹುದು, ಒಯ್ದಾಗಲೆಲ್ಲ ಹಳೆಯದರಿಂದ ತೆಗೆಯಬೇಕು, ಒಂದೇ ಲೈಸೆನ್ಸಿನಲ್ಲಿ ಎರಡು ಕಂಪ್ಯೂಟರ್ ಓಡಿಸಬಾರದು. ಇದು ನ್ಯಾಯವಾದ ಮಾತು. ನಾನು ಹಳೆ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಯುಪಿಕೆ ಹೊಡೆದೆ. ಕೀ ತೆಗೆದಾಯಿತು ಎಂದು ಹೇಳಿತು. ಆಮೇಲೆ ಅದೇ ರೀತಿ ಸ್ಲ್ಯಾಶ್ ಸಿಪಿಕೆವೈ ಹೊಡೆದು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಉಳಿದ ಗುರುತನ್ನೂ ಅಳಿಸಿದೆ.

ಬಿಟ್ಟುಹೋದ ಹೆಜ್ಜೆ ಇರುವುದು ಇಲ್ಲೇ. ಈ ಕಮಾಂಡುಗಳು ಕೀ ತೆಗೆಯುವುದು ಆ ಕಂಪ್ಯೂಟರಿನಿಂದ ಮಾತ್ರ. 'ಈ ಕಂಪ್ಯೂಟರ್ ಲೈಸೆನ್ಸ್ ಬಿಟ್ಟುಕೊಟ್ಟಿತು' ಎಂದು ಮೈಕ್ರೋಸಾಫ್ಟ್ ಸರ್ವರಿಗೆ ಸುದ್ದಿ ಹೋಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲಿ ಹಳೆ ಕಂಪ್ಯೂಟರಿನ ಹೆಸರು ತೆಗೆದರೂ ಅಷ್ಟೇ, ಪಟ್ಟಿಯಿಂದ ಹೆಸರು ಹೋಗುತ್ತದೆ, ಲೈಸೆನ್ಸ್ ಬಿಡುಗಡೆ ಆಗುವುದಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ, ಬೀಗದ ಕೈ ವಾಪಸ್ ಕೊಡಲು ಹೋದರೆ ತಗೊಳ್ಳುವವರೇ ಇಲ್ಲದ ಹಾಗೆ. ನಾನು ದಿನಾ ಬಳಸುವ ಆಡಿಯೊ ಪ್ಲಗಿನ್‌ಗಳಲ್ಲಿ ಹಲವಕ್ಕೆ ಡಿಆ್ಯಕ್ಟಿವೇಟ್ ಬಟನ್ ಇದೆ. ಹಳೆಯದರಲ್ಲಿ ಒತ್ತಿದರೆ ಅಲ್ಲಿ ಬಿಟ್ಟುಕೊಡುತ್ತದೆ, ಹೊಸದರಲ್ಲಿ ಒತ್ತಿದರೆ ಇಲ್ಲಿ ಹಿಡಿದುಕೊಳ್ಳುತ್ತದೆ. ಚಿಕ್ಕ ಚಿಕ್ಕ ಕಂಪನಿಗಳು ಮಾಡಿರುವ ಈ ಏರ್ಪಾಡು ವಿಂಡೋಸಿನಂಥ ದೊಡ್ಡ ಸಾಫ್ಟ್‌ವೇರಿನಲ್ಲಿ ಯಾಕಿಲ್ಲ? ನಿಯಮ ಪಾಲಿಸುವವರಿಗೂ ಪಾಲಿಸದವರಿಗೂ ಸರ್ವರ್ ಕಣ್ಣಲ್ಲಿ ವ್ಯತ್ಯಾಸವೇ ಕಾಣದ ಹಾಗೆ ಕಟ್ಟಿದ್ದಾರೆ. ಪ್ರಾಮಾಣಿಕವಾಗಿ ಕೀ ತೆಗೆದವರು ಅದನ್ನು ತೋರಿಸಿಕೊಳ್ಳಲು ದಾರಿ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾದರೆ ಆ ಕಮಾಂಡ್ ಹೊಡೆಯುವುದು ಯಾಕೆ? ಒಪ್ಪಂದ ಹಾಗೆ ಹೇಳುತ್ತದೆ, ಅದಕ್ಕೆ. ಜೊತೆಗೆ, ಹಳೆ ಕಂಪ್ಯೂಟರ್ ಇನ್ನೊಬ್ಬರ ಕೈಗೆ ಹೋದರೆ ನಿಮ್ಮ ಕೀ ಅದರೊಳಗೆ ಉಳಿಯಬಾರದು.

ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ 11 ಹಾಕಲು ಹಳೆ ಡಬ್ಬಿಯ ಪೆನ್‌ಡ್ರೈವ್ ಬೇಕಾಗಲಿಲ್ಲ. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು ಬೇರೆ ಪೆನ್‌ಡ್ರೈವ್ ಮಾಡಿಕೊಂಡೆ. ವಿಂಡೋಸ್ 10ರ ಕೀ ವಿಂಡೋಸ್ 11ಕ್ಕೂ ನಡೆಯುತ್ತದೆ, ಆವೃತ್ತಿ ಮಾತ್ರ ಅದೇ ಇರಬೇಕು. ಶುರುವಿನಲ್ಲಿ ಕೀ ಕೇಳಿದಾಗ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ' ಒತ್ತಿ, ಪಟ್ಟಿಯಲ್ಲಿ ಪ್ರೊ ಆರಿಸಿದೆ. ಇಲ್ಲಿ ಅವಸರ ಮಾಡಬೇಡಿ. ಪ್ರೊ ಕೀ ಇಟ್ಟುಕೊಂಡು ಎಜುಕೇಷನ್ ಅಥವಾ ಇನ್ಯಾವುದನ್ನೋ ಒತ್ತಿಬಿಟ್ಟರೆ ಆಮೇಲೆ ಅದು ಹೊಂದುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಈ ಪ್ರಶ್ನೆ ಬಾರದೆ ಇರುವುದಕ್ಕೆ ಕಾರಣ ಫರ್ಮ್‌ವೇರಿನಲ್ಲಿರುವ ಆ ಕೀ. ಬಿಡಿಯಾಗಿ ಕೊಂಡ ಮದರ್‌ಬೋರ್ಡಿನಲ್ಲಿ ಅಂಥ ಕೀ ಇರುವುದಿಲ್ಲ. ಅದಕ್ಕೇ ಕೇಳುತ್ತದೆ.

ಮುಂದೆ ಒಂದು ಕಡೆ ನಿಲ್ಲಬೇಕಾಯಿತು. ಈಗಿನ ವಿಂಡೋಸ್ 11 ಶುರುವಿನಲ್ಲೇ ಇಂಟರ್ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಮದರ್‌ಬೋರ್ಡ್ ಹೊಸದಾದಷ್ಟೂ ಅದರ ನೆಟ್‌ವರ್ಕ್ ಡ್ರೈವರ್ ವಿಂಡೋಸ್ ಒಳಗೆ ಇಲ್ಲದೆ ಇರುವ ಸಾಧ್ಯತೆ ಜಾಸ್ತಿ. ನನ್ನದರಲ್ಲಿ ಕೇಬಲ್ ಸಿಕ್ಕಿಸಿದರೂ ಗುರುತಿಸಲಿಲ್ಲ, ವೈಫೈ ಪಟ್ಟಿಯೂ ಖಾಲಿ. ಡ್ರೈವರ್ ಬೇಕು ಎಂದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕು ಎಂದರೆ ಡ್ರೈವರ್ ಬೇಕು. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದೆ, ತಕ್ಷಣ ಮುಂದಕ್ಕೆ ಹೋಯಿತು. ಮೊದಲೇ ಮದರ್‌ಬೋರ್ಡಿನ ಲ್ಯಾನ್ ಡ್ರೈವರನ್ನು ಅದೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ವಿಂಡೋಸ್ ಎದ್ದಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್. ಅಲ್ಲಿ 'ಚೇಂಜ್ ಪ್ರಾಡಕ್ಟ್ ಕೀ' ಒತ್ತಿ ಕಾರ್ಡ್ ನೋಡಿಕೊಂಡು ಹೊಡೆಯುವುದು. ಗೆರೆಗಳನ್ನು ಅದೇ ಹಾಕಿಕೊಳ್ಳುತ್ತದೆ, ಅಕ್ಷರ ಮಾತ್ರ ಹೊಡೆದರೆ ಸಾಕು. ಕಾರ್ಡಿನ ಅಕ್ಷರ ಸಣ್ಣದು, ಹಳೆಯದಾದರೆ ಮಸುಕಾಗಿರುತ್ತದೆ. ಸೊನ್ನೆಯೋ 'ಓ'ನೋ, ಒಂದೋ 'ಐ'ನೋ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುವವರಿಗೆ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಈ ಕೀಗಳಲ್ಲಿ ಸೊನ್ನೆಯೂ ಇಲ್ಲ, 'ಓ'ನೂ ಇಲ್ಲ. 1 ಇಲ್ಲ, 'ಐ' ಇಲ್ಲ, 'ಎಲ್' ಇಲ್ಲ. 5 ಇಲ್ಲ, 'ಎಸ್' ಇಲ್ಲ. 'ಝಡ್' ಇಲ್ಲ, 2 ಇದೆ. ಓದುವಾಗ ತಪ್ಪಬಾರದು ಎಂದು ಈ ಅಕ್ಷರಗಳನ್ನು ಹೊರಗಿಟ್ಟಿದ್ದಾರೆ. ಆದ್ದರಿಂದ ದುಂಡಗೆ ಕಂಡದ್ದು 'ಕ್ಯೂ' ಅಥವಾ 'ಡಿ' ಇರಬೇಕು. ಆದರೂ ಎರಡು ಜೋಡಿ ಉಳಿದುಕೊಂಡಿವೆ. 8 ಮತ್ತು 'ಬಿ' ಎರಡೂ ಇವೆ, 6 ಮತ್ತು 'ಜಿ' ಎರಡೂ ಇವೆ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಇವನ್ನಷ್ಟೇ ಗಮನವಿಟ್ಟು ನೋಡಿದರೆ ಸಾಕು. ನಾನು ಹಾಗೇ ಮಾಡಿದೆ. ನೆಕ್ಸ್ಟ್ ಒತ್ತಿದೆ, ಆ್ಯಕ್ಟಿವೇಟ್ ಒತ್ತಿದೆ, ಆಯಿತು. ಪರದೆಯ ಬಲಗಡೆ ಕೆಳಗೆ 'ಆ್ಯಕ್ಟಿವೇಟ್ ವಿಂಡೋಸ್' ಎಂಬ ಬರಹ ಬರುವುದಕ್ಕೂ ಅವಕಾಶ ಸಿಗಲಿಲ್ಲ.

ಸುಮ್ನೆ ಹೋಲಿಸಿ ನೋಡಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆ್ಯಕ್ಟಿವೇಷನ್ ಅನ್ನುವುದು ವಿಂಡೋಸಿಗೆ ಬಂದಾಗ 30 ದಿನದ ಗಡುವು ಇತ್ತು. ಇಂಟರ್ನೆಟ್ ಇಲ್ಲದವರು ಫೋನ್ ಮಾಡಿ ಉದ್ದದ ಅಂಕಿ ಸಾಲನ್ನು ಓದಿ ಹೇಳಬೇಕು, ಆ ಕಡೆಯಿಂದ ಬಂದ ಇನ್ನೊಂದು ಉದ್ದದ ಸಾಲನ್ನು ಬರೆದುಕೊಂಡು ಹೊಡೆಯಬೇಕು. ಈಗ ಗಡುವೂ ಅಷ್ಟು ಬಿಗಿ ಇಲ್ಲ. ಆ್ಯಕ್ಟಿವೇಟ್ ಆಗದ ವಿಂಡೋಸಿನಲ್ಲಿ ವಾಲ್‌ಪೇಪರ್, ಬಣ್ಣ ಇಂಥವನ್ನು ಸೆಟ್ಟಿಂಗ್ಸಿನಿಂದ ಬದಲಿಸಲು ಬಿಡುವುದಿಲ್ಲ, ಮೂಲೆಯಲ್ಲಿ ಬರಹ ನಿಲ್ಲುತ್ತದೆ. ಉಳಿದ ಕೆಲಸ ನಡೆಯುತ್ತದೆ. ಹೊಸ ಕಂಪ್ಯೂಟರಿನ ಬಿಡಿಭಾಗ ಎಲ್ಲ ಸರಿ ಇದೆಯಾ ಎಂದು ನೋಡಿಕೊಂಡು ನಿಧಾನವಾಗಿ ಕೀ ಹಾಕಬಹುದು. ಇದು ನನಗೆ ಇಷ್ಟವಾದ ಅಂಶ. ಬೋರ್ಡ್ ಕೆಟ್ಟದ್ದು ಬಂದು ವಾಪಸ್ ಕಳಿಸಬೇಕಾದರೆ ಆ್ಯಕ್ಟಿವೇಷನ್ ಸುಮ್ಮನೆ ವ್ಯರ್ಥ ಆಗುವುದಿಲ್ಲ.

ಕಾರ್ಡೇ ಇಲ್ಲದವರ ದಾರಿ ಬೇರೆ. ನನ್ನ ತಮ್ಮ ವಿಂಡೋಸ್ ಕೊಂಡದ್ದು ಮೈಕ್ರೋಸಾಫ್ಟ್ ಸ್ಟೋರಿನಲ್ಲಿ. ಅದೂ ರೀಟೇಲೇ, ಆದರೆ ಕೈಯಲ್ಲಿ ಕಾರ್ಡ್ ಇಲ್ಲ, ಅಕೌಂಟಿಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್ ಇದೆ. ಅವನೂ ಮದರ್‌ಬೋರ್ಡ್, ಪ್ರೊಸೆಸರ್ ಬದಲಿಸಿದ. ಎಸ್‌ಎಸ್‌ಡಿ ಹಳೆಯದೇ, ವಿಂಡೋಸೂ ಹಳೆಯದೇ. ಬಿಚ್ಚುವ ಮುಂಚೆ ಅವನಿಂದ ಎರಡು ಕೆಲಸ ಮಾಡಿಸಿದೆ. ಆ್ಯಕ್ಟಿವೇಷನ್ ಪುಟದಲ್ಲಿ 'ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್' ಎಂದು ಇದೆಯಾ ನೋಡು ಅಂದೆ. ಬರೀ ಡಿಜಿಟಲ್ ಲೈಸೆನ್ಸ್ ಎಂದಷ್ಟೇ ಇದ್ದರೆ ಅಕೌಂಟ್ ಸೇರಿಸಿಕೊಳ್ಳಬೇಕು, ಅದೂ ಹಳೆ ಬೋರ್ಡ್ ಓಡುತ್ತಿರುವಾಗಲೇ. ಎರಡನೆಯದು ಕಂಪ್ಯೂಟರಿನ ಹೆಸರು. ವಿಂಡೋಸ್ ತಾನಾಗಿ ಇಡುವ ಹೆಸರು ಡೆಸ್ಕ್‌ಟಾಪ್ ಎಂದು ಶುರುವಾಗಿ ಗುರುತು ಸಿಗದ ಅಕ್ಷರಗಳಿಂದ ಮುಗಿಯುತ್ತದೆ. ಮನೆಯಲ್ಲಿ ನಾಲ್ಕಾರು ಕಂಪ್ಯೂಟರ್ ಆಗಿಹೋಗಿದ್ದರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಅವನು 'ಗೇಮ್‌ಹಳೆ' ಎಂದು ಹೆಸರು ಬದಲಿಸಿದ.

ಬಿಟ್‌ಲಾಕರ್, ಅಂದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯದ ವಿಷಯವನ್ನೂ ಇಲ್ಲೇ ಹೇಳಬೇಕು. ಎಸ್‌ಎಸ್‌ಡಿಯನ್ನು ಹೊಸ ಬೋರ್ಡಿಗೆ ಒಯ್ಯುವವರಿಗೆ ಲೈಸೆನ್ಸಿಗಿಂತ ದೊಡ್ಡ ಅಪಾಯ ಇದು. ಎಷ್ಟೋ ಕಂಪ್ಯೂಟರುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಅದರ ಬೀಗ ಹಳೆ ಬೋರ್ಡಿನ ಟಿಪಿಎಂ ಜೊತೆ ಕಟ್ಟಿಕೊಂಡಿರುತ್ತದೆ. ಹೊಸ ಬೋರ್ಡಿನಲ್ಲಿ ಆನ್ ಮಾಡಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿರುವ ಫೋಟೊ, ಕಡತ ಎಲ್ಲ ಹೋದ ಹಾಗೇ. ಅಕೌಂಟಿನಲ್ಲಿ ಆ ಕೀ ಉಳಿದಿದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅಥವಾ ಬಿಚ್ಚುವ ಮುಂಚೆ ಎನ್‌ಕ್ರಿಪ್ಷನ್ ಆಫ್ ಮಾಡಿ ಪೂರ್ತಿ ಮುಗಿಯುವ ತನಕ ಕಾಯಿರಿ.

ತಮ್ಮನ ಕಂಪ್ಯೂಟರ್ ಹೊಸ ಬೋರ್ಡಿನಲ್ಲಿ ಎದ್ದಾಗ ಹಾರ್ಡ್‌ವೇರ್ ಬದಲಾಗಿದೆ ಎಂದು ಹೇಳಿ, ಎಫ್211 ಎಂದು ಮುಗಿಯುವ ಕೋಡ್ ತೋರಿಸಿತು. ಇದಕ್ಕೆ ಗಾಬರಿ ಬೇಡ, ಹೀಗೆ ಆಗಲೇಬೇಕು. ಟ್ರಬಲ್‌ಶೂಟ್ ಒತ್ತಿದರೆ ಮೊದಲು ಒಂದಿಷ್ಟು ಹುಡುಕುತ್ತದೆ, ಆಮೇಲೆ 'ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ' ಎಂಬ ಸಾಲು ಬರುತ್ತದೆ. ಅದನ್ನು ಒತ್ತಿ ಅಕೌಂಟಿಗೆ ಲಾಗಿನ್ ಆದರೆ ಕಂಪ್ಯೂಟರುಗಳ ಪಟ್ಟಿ. ಅದರಲ್ಲಿ 'ಗೇಮ್‌ಹಳೆ' ಎದ್ದು ಕಾಣುತ್ತಿತ್ತು. ಈಗ ಬಳಸುತ್ತಿರುವ ಕಂಪ್ಯೂಟರ್ ಇದೇ ಎಂದು ಟಿಕ್ ಮಾಡಿ ಆ್ಯಕ್ಟಿವೇಟ್ ಒತ್ತಿದ, ಮುಗಿಯಿತು. ಅದೇ ಪಟ್ಟಿಯಲ್ಲಿ ಅವನ ಲ್ಯಾಪ್‌ಟಾಪೂ ಇತ್ತು. ಅದನ್ನು ಆರಿಸಬಾರದು, ಅದು ಓಇಎಂ. ಈ ಟ್ರಬಲ್‌ಶೂಟರ್ ಮತ್ತು ಅಕೌಂಟಿಗೆ ಜೋಡಿಸುವ ವ್ಯವಸ್ಥೆ 2016ರ ಆ್ಯನಿವರ್ಸರಿ ಅಪ್‌ಡೇಟ್ ಜೊತೆ ಬಂದದ್ದು. ವಿಂಡೋಸಿನವರು ಮಾಡಿದ ಒಳ್ಳೆ ಕೆಲಸಗಳಲ್ಲಿ ಇದನ್ನು ನಾನು ಮೇಲೆ ಇಡುತ್ತೇನೆ. ಕೀ ಕಳೆದುಕೊಂಡವರಿಗೂ ಒಂದು ದಾರಿ ಆಯಿತು.

ಆದರೆ ಎಷ್ಟು ಸಲ ಬೇಕಾದರೂ ಮಾಡಬಹುದು ಎಂದಲ್ಲ. ಮರು ಆ್ಯಕ್ಟಿವೇಷನ್‌ಗೆ ಮಿತಿ ಇದೆ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಎಷ್ಟು ಉಳಿದಿದೆ ಎಂದು ನಮಗೆ ಎಲ್ಲೂ ತೋರಿಸುವುದಿಲ್ಲ. ನಾನು ಮೇಲೆ ಹೇಳಿದ ಬಿಡುಗಡೆ ಬಟನ್ ಇಲ್ಲದ ಕೊರತೆ ಇಲ್ಲೂ ಕಾಡುತ್ತದೆ. ಬಿಟ್ಟುಕೊಟ್ಟದ್ದರ ಲೆಕ್ಕ ಇಲ್ಲ, ಹಿಡಿದುಕೊಂಡದ್ದರ ಲೆಕ್ಕ ಮಾತ್ರ ಇದೆ. ಸಿ008 ಎಂದು ಮುಗಿಯುವ ಕೋಡ್ ಬಂದರೆ ಕೀ ಈಗಾಗಲೇ ಬೇರೆ ಕಂಪ್ಯೂಟರಿನಲ್ಲಿದೆ, ಅಥವಾ ಮಿತಿ ದಾಟಿದೆ ಎಂದು ಅರ್ಥ. ಆಗ ಮೈಕ್ರೋಸಾಫ್ಟ್ ಸಹಾಯ ಕೇಂದ್ರವನ್ನು ಕೇಳಬೇಕು. ರಸೀದಿ, ಕಾರ್ಡಿನ ಫೋಟೊ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ನನ್ನ ಡಬ್ಬಿ ಎಸೆದು ಬಹಳ ಕಾಲವಾಯಿತು, ಆದರೆ ಕಾರ್ಡೂ ರಸೀದಿಯೂ ಮದರ್‌ಬೋರ್ಡಿನ ವಾರಂಟಿ ಕಾಗದದ ಜೊತೆ ಒಂದೇ ಲಕೋಟೆಯಲ್ಲಿವೆ.

ಅಗ್ಗದ ಕೀಗಳ ಬಗ್ಗೆ ಹೇಳದೆ ಹೋದರೆ ಈ ವಿಮರ್ಶೆ ಅರ್ಧ ಆಗುತ್ತದೆ. ನನ್ನ ಗೆಳತಿಯೊಬ್ಬಳು ಆನ್‌ಲೈನ್ ಮಾರಾಟಗಾರನೊಬ್ಬನಿಂದ ಪ್ರೊ ಕೀ ತಗೊಂಡಳು. ಅಸಲು ಬೆಲೆಯ ಒಂದು ಚೂರು ಮಾತ್ರ. ಡಬ್ಬಿ ಇಲ್ಲ, ಕಾರ್ಡ್ ಇಲ್ಲ, ಇಮೇಲಿನಲ್ಲಿ 25 ಅಕ್ಷರ. ಆ್ಯಕ್ಟಿವೇಟ್ ಆಯಿತು. ಕೆಲವು ತಿಂಗಳ ಮೇಲೆ ಮೂಲೆಯಲ್ಲಿ ಬರಹ ಬಂತು, ಸಿ003 ಎಂದು ಮುಗಿಯುವ ಕೋಡ್ ಬಂತು. ಅಂದರೆ ಕೀಯನ್ನು ತಡೆ ಹಿಡಿದಿದ್ದಾರೆ. ಮಾರಿದವನು ಉತ್ತರ ಕೊಡಲಿಲ್ಲ. ಇಂಥ ಕೀಗಳಲ್ಲಿ ಎಷ್ಟೋ ಸಂಸ್ಥೆಗಳಿಗೆ ಕೊಟ್ಟ ವಾಲ್ಯೂಮ್ ಕೀಗಳೇ. ಕೆಎಂಎಸ್ ಬಗೆಯದಾದರೆ 180 ದಿನದೊಳಗೆ ಸಂಸ್ಥೆಯ ಸರ್ವರಿಗೆ ಮತ್ತೆ ಹಾಜರಿ ಹಾಕಬೇಕು, ಇಲ್ಲದಿದ್ದರೆ ಆ್ಯಕ್ಟಿವೇಷನ್ ಬಿದ್ದುಹೋಗುತ್ತದೆ. ಇಂಥದ್ದನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಮಾತಂತೂ ದೂರ. ಹಾಗೆಯೇ, ಹಳೆ ವಿಂಡೋಸ್ 7, 8ರ ಕೀ ಹಾಕಿದರೆ ನಡೆಯುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಆ ದಾರಿಯನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದ್ದಾರೆ.

ಹಳೆ ಕಂಪ್ಯೂಟರ್ ಅಕ್ಕನ ಮಗನ ಪಾಲಾಯಿತು. ಶಾಲೆಯ ಓದು, ಚೂರು ಕೋಡಿಂಗ್, ಇಷ್ಟಕ್ಕೆ ಅದು ಧಾರಾಳವಾಗಿ ಸಾಕು. ಕೊಡುವಾಗ ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಮಿಂಟ್ ಹಾಕಿದ್ದೆ.

"ಚಿಕ್ಕಮ್ಮ, ಇದರಲ್ಲಿ ವಿಂಡೋಸ್ ಯಾಕಿಲ್ಲ? ಮುಂಚೆ ಇತ್ತಲ್ವಾ?" ಅಂದ.

"ಇತ್ತು ಪುಟ್ಟಾ. ಆ ಲೈಸೆನ್ಸ್ ಒಂದೇ. ಈಗ ನನ್ನ ಹೊಸದರಲ್ಲಿದೆ, ಎರಡು ಕಡೆ ಇಡೋ ಹಾಗಿಲ್ಲ" ಅಂದೆ.

"ಇದಕ್ಕೂ ಲೈಸೆನ್ಸ್ ಬೇಕಾ?"

"ಬೇಡ. ಇದನ್ನು ಎಷ್ಟು ಕಂಪ್ಯೂಟರಿಗೆ ಬೇಕಾದ್ರೂ ಹಾಕ್ಕೋಬಹುದು."

ಅವನಿಗೆ ಅದು ಭಾರಿ ಖುಷಿ ಆಯಿತು, ಗೆಳೆಯನ ಕಂಪ್ಯೂಟರಿಗೂ ಹಾಕಿಕೊಡುತ್ತೇನೆ ಎಂದು ಪೆನ್‌ಡ್ರೈವ್ ಕೇಳಿದ. ನನ್ನ ಆಡಿಯೊ ಸಾಫ್ಟ್‌ವೇರ್ ಲಿನಕ್ಸಿನಲ್ಲಿ ಓಡುವಂತಿದ್ದರೆ ನಾನೂ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಮ್ಯಾಕ್ ಕಡೆ ಹೋಗುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಆ್ಯಪಲ್‌ನವರು ಮ್ಯಾಕ್‌ಓಎಸ್ ಅನ್ನು ತಮ್ಮ ಕಂಪ್ಯೂಟರಿನಲ್ಲಿ ಮಾತ್ರ ಬಳಸಲು ಬಿಡುತ್ತಾರೆ. ನಾವೇ ಬಿಡಿಭಾಗ ಆರಿಸಿ ಜೋಡಿಸಿಕೊಳ್ಳುವವರಿಗೆ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಗಳಲ್ಲಿ ಉಳಿಯುವುದು ವಿಂಡೋಸ್ ರೀಟೇಲೇ.

ಒಂದೇ ಕಂಪ್ಯೂಟರನ್ನು ಜೋಡಿಸಿ ಅದು ಸಾಯುವ ತನಕ ಬಳಸುವವರಾದರೆ ಸಿಸ್ಟಮ್ ಬಿಲ್ಡರ್ ಪ್ಯಾಕ್ ಸಾಕು. ಹೆಚ್ಚಿಗೆ ಕೊಡುವುದಕ್ಕೆ ಕಾರಣ ಇಲ್ಲ. ಕೆಲವು ವರ್ಷಕ್ಕೊಮ್ಮೆ ಬೋರ್ಡ್ ಬದಲಿಸುವ ಅಭ್ಯಾಸ ಇದ್ದರೆ ರೀಟೇಲ್ ತಗೊಳ್ಳಿ. ಎರಡನೇ ಕಂಪ್ಯೂಟರಿಗೆ ಬರುವಷ್ಟರಲ್ಲಿ ಹೆಚ್ಚಿಗೆ ಕೊಟ್ಟದ್ದು ಗಿಟ್ಟುತ್ತದೆ. ಸ್ಟೋರಿನದ್ದೋ ಡಬ್ಬಿಯದ್ದೋ ಎಂದರೆ ನಾನು ಡಬ್ಬಿಯನ್ನೇ ಆರಿಸುತ್ತೇನೆ, ಅಕೌಂಟಿನ ಪಾಸ್‌ವರ್ಡ್ ಮರೆತುಹೋದರೂ ಕಾರ್ಡ್ ಕೈಯಲ್ಲಿರುತ್ತದೆ. 5ಕ್ಕೆ 4 ಅಂಕ ಕೊಡುತ್ತೇನೆ. ಹಳೆ ಕಂಪ್ಯೂಟರಿನಲ್ಲಿ ಲೈಸೆನ್ಸ್ ಬಿಟ್ಟುಕೊಡುವ ಒಂದು ಬಟನ್ ತಂದ ದಿನ ಉಳಿದ 1 ಅಂಕವನ್ನೂ ಸೇರಿಸುತ್ತೇನೆ.